ಲಿಡ್‌ಫೋರ್ಡ್ ನೌಕೆಯ ಎಡ ಮಗ್ಗುಲು

ನಾನು ಒಂದು ಯುದ್ಧನೌಕೆಯಾಗಿದ್ದೆ. ಹೆಸರು ಲಿಡ್‌ಫೋರ್ಡ್. ಎರಡು ಸಾಲಿನಲ್ಲಿ ಐವತ್ತು ತೋಪು, ಹಾಯಿ ಕಟ್ಟುವ ಮೂರು ಕೂವೆಮರ, ಮುನ್ನೂರೈವತ್ತು ಜನ. ಇಂಗ್ಲಿಷರು ಹಡಗನ್ನು ‘ಅವಳು’ ಎಂದು ಕರೆಯುತ್ತಾರೆ. ಆ ಬಗ್ಗೆ ನನಗೆ ಅಭಿಪ್ರಾಯವಿಲ್ಲ. ನನ್ನನ್ನು ಯಾರೂ ಏನನ್ನೂ ಕೇಳಿದವರಲ್ಲ.

ನಾನು ಹುಟ್ಟಿದ್ದು ಅವಸರದಲ್ಲಿ. ಅಮೆರಿಕದ ವಸಾಹತುಗಳು ಇಂಗ್ಲೆಂಡಿನ ರಾಜನ ವಿರುದ್ಧ ತಿರುಗಿಬಿದ್ದಿದ್ದ ಕಾಲ ಅದು. ಫ್ರಾನ್ಸ್ ಕೂಡ ಯುದ್ಧಕ್ಕೆ ಇಳಿಯುತ್ತದೆ ಎಂಬ ಗುಮಾನಿ ಇತ್ತು. ಸರ್ಕಾರಕ್ಕೆ ಹಡಗುಗಳು ಬೇಗ ಬೇಕಾಗಿದ್ದವು. ಥೇಮ್ಸ್ ನದಿಯ ದಡದ ಒಂದು ಖಾಸಗಿ ಹಡಗುಕಟ್ಟೆಯಲ್ಲಿ ನನ್ನ ಅಡಿಮರ ಹಾಕಿದರು. ಓಕ್ ಮರವನ್ನು ಕಡಿದ ಮೇಲೆ ವರ್ಷಗಟ್ಟಲೆ ಒಣಗಲು ಬಿಡಬೇಕು. ಪಕ್ಕೆಮರಗಳನ್ನು ನಿಲ್ಲಿಸಿದ ಮೇಲೂ ಹಲಗೆ ಹೊದಿಸದೆ ಒಂದು ಬೇಸಿಗೆಯಾದರೂ ಗಾಳಿಗೆ ಬಿಡುವುದು ಕ್ರಮ. ನನಗೆ ಎರಡೂ ಸಿಗಲಿಲ್ಲ. ಹಲಗೆ ಹೊಡೆಯುತ್ತಿದ್ದ ಬಡಗಿಯೊಬ್ಬ ಕೈಗೆ ಅಂಟಿದ ರಸವನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ, “ಇನ್ನೊಂದು ವಾರ ಬಿಟ್ರೆ ಇದು ಚಿಗುರತ್ತೆ” ಎಂದ. ಪಕ್ಕದವನು ನಕ್ಕ. ಇಬ್ಬರೂ ಮೊಳೆ ಹೊಡೆಯುವುದನ್ನು ಮುಂದುವರಿಸಿದರು. 1778ರ ಬೇಸಿಗೆಯಲ್ಲಿ ನನ್ನನ್ನು ನೀರಿಗೆ ಇಳಿಸಿದರು.

ನೌಕೆ ಕಟ್ಟುವುದು ಸುಲಭ, ಅದಕ್ಕೆ ಜನ ಹೊಂದಿಸುವುದು ಕಷ್ಟ. ನೌಕಾಪಡೆಯ ಕೆಲಸಕ್ಕೆ ತಾವಾಗಿ ಬರುವವರು ಕಡಿಮೆ. ಆದ್ದರಿಂದ ಹಿಡಿದು ತರುತ್ತಿದ್ದರು. ಕಾನೂನು ಅದಕ್ಕೆ ಅಡ್ಡಿ ಮಾಡುತ್ತಿರಲಿಲ್ಲ. ಊರಿಗೆ ಮರಳುತ್ತಿರುವ ವ್ಯಾಪಾರದ ಹಡಗುಗಳನ್ನು ಸಮುದ್ರದಲ್ಲೇ ನಿಲ್ಲಿಸಿ ಒಳ್ಳೆಯ ನಾವಿಕರನ್ನು ಎಳೆದುಕೊಳ್ಳುವುದು ಎಲ್ಲಕ್ಕಿಂತ ಲಾಭದ ದಾರಿ. ಮೊದಲ ಶರತ್ಕಾಲದಲ್ಲೇ, ಲಿಸ್ಬನ್ನಿನಿಂದ ಉಪ್ಪು ತರುತ್ತಿದ್ದ ಒಂದು ಹಡಗನ್ನು ನಾವು ಕಾರ್ನ್‌ವಾಲ್ ತೀರದ ಹತ್ತಿರ ತಡೆದೆವು. ಅಲ್ಲಿಂದ ಬಂದ ನಾಲ್ವರಲ್ಲಿ ಒಬ್ಬ ಜೆತ್ರೊ ಪಾಸ್ಕೊ.

ಅವನಿಗೆ ಆಗ ಮೂವತ್ತರ ಆಸುಪಾಸು. ಮಾತು ಕಡಿಮೆ. ಡೆಕ್ಕಿನ ಮೇಲೆ ನಿಂತವನು ಲೆಫ್ಟಿನೆಂಟನ ಕಡೆ ನೋಡಲಿಲ್ಲ, ದಡದ ಕಡೆ ನೋಡುತ್ತಿದ್ದ.

“ಏನು ನೋಡ್ತಿದ್ದೀಯ?” ಎಂದು ಲೆಫ್ಟಿನೆಂಟ್ ಕೇಳಿದ.

“ನಮ್ಮೂರಿನ ಚರ್ಚು ಸಾರ್. ಆ ಗುಡ್ಡದ ಮೇಲೆ. ನನ್ನ ಹೆಂಡತಿ ಈ ಹೊತ್ತಿಗೆ ಹಾಯಿ ನೋಡಿ ಕೆಳಗಡೆ ದಕ್ಕೆಗೆ ಬಂದಿರ್ತಾಳೆ.”

“ಯುದ್ಧ ಮುಗಿದ ಕೂಡಲೇ ಹೋಗುವಿಯಂತೆ.”

ಇದು ಎಲ್ಲರಿಗೂ ಹೇಳುವ ಮಾತು. ಯುದ್ಧ ಯಾವಾಗ ಮುಗಿಯುತ್ತದೆಂದು ಹೇಳುವವನಿಗೂ ಗೊತ್ತಿರಲಿಲ್ಲ.

ಎರಡು ವರ್ಷ ನಾವು ಅಟ್ಲಾಂಟಿಕ್‌ನಲ್ಲಿ ವ್ಯಾಪಾರದ ಹಡಗುಗಳಿಗೆ ಕಾವಲು ಹೋದೆವು. ಅದನ್ನು ವಿವರಿಸುವಂಥದ್ದೇನೂ ಇಲ್ಲ. ಒದ್ದೆ ಬಟ್ಟೆ, ಹುಳು ಬಿದ್ದ ಬಿಸ್ಕತ್ತು, ತಳದ ನೀರು ಎತ್ತುವ ಪಂಪು. 1780ರಲ್ಲಿ ತಳಕ್ಕೆ ತಾಮ್ರದ ತಗಡು ಹೊಡೆಸಲು ನನ್ನನ್ನು ಪ್ಲಿಮತ್ತಿಗೆ ತಂದರು. ಹಡಗು ದುರಸ್ತಿ ಮಾಡುವ ಗೋದಿಗೆ ಸರದಿ ಬರುವ ತನಕ ಬಂದರಿನ ಒಳಗೆ, ನದಿ ಅಗಲವಾಗುವ ಕಡೆ ಲಂಗರು ಹಾಕಿ ನಿಂತೆ. ನದಿಯ ಒಂದು ದಡ ಪ್ಲಿಮತ್, ಇನ್ನೊಂದು ದಡ ಕಾರ್ನ್‌ವಾಲ್. ಜೆತ್ರೊನ ಊರು ಆ ದಡದಿಂದ ಅರ್ಧ ದಿನದ ನಡಿಗೆ.

ಅರ್ಧ ದಿನದ ನಡಿಗೆಯಾದರೂ ಅವನಿಗೆ ಹೋಗಲು ಅಪ್ಪಣೆ ಇಲ್ಲ. ಹಿಡಿದು ತಂದವರನ್ನು ದಡಕ್ಕೆ ಬಿಟ್ಟರೆ ಮರಳುವುದಿಲ್ಲ ಎಂಬುದು ನೌಕಾಪಡೆಯ ಅನುಭವ. ನನ್ನ ಸುತ್ತ ಬಂದೂಕು ಹಿಡಿದವರ ದೋಣಿ ಸದಾ ಸುತ್ತುತ್ತಿತ್ತು. ಬದಲಿಗೆ ಇನ್ನೊಂದು ವ್ಯವಸ್ಥೆ ಇತ್ತು. ಗಂಡಸರು ಹೋಗುವಂತಿಲ್ಲ, ಹೆಂಗಸರು ಬರಬಹುದು. ಹೆಂಡತಿಯರು ಮಾತ್ರ ಎಂಬುದು ನಿಯಮ. ಯಾರಾದರೂ ಒಬ್ಬ ನಾವಿಕ ‘ಇವಳು ನನ್ನವಳು’ ಎಂದರೆ ಸಾಕು, ಅವಳು ಹೆಂಡತಿ. ಆ ವಾರ ನನ್ನ ಕೆಳಗಿನ ಡೆಕ್ಕಿಗೆ ಇನ್ನೂರು ಹೆಂಡತಿಯರು ಬಂದರು.

ತಾಮ್ಸಿನ್ ಪಾಸ್ಕೊ ಬಂದದ್ದು ಅವರ ನಡುವೆ. ಚರ್ಚಿಗೆ ಹಾಕುವ ಕಪ್ಪು ಉಡುಪು ಹಾಕಿಕೊಂಡಿದ್ದಳು. ಗಂಡನನ್ನು ಮನೆಗೆ ಕರೆದುಕೊಂಡು ಹೋಗುವುದೆಂದೇ ಅವಳು ತಿಳಿದಿದ್ದಳು. ಏಣಿಯ ಮೇಲ್ತುದಿಯಲ್ಲಿ ಬೋಸನ್ ಸೈಲಸ್ ಟ್ರೆಂಬತ್ ನಿಂತಿದ್ದ. ಹಗ್ಗ, ಹಾಯಿ, ಲಂಗರು ಎಲ್ಲ ಅವನ ಜವಾಬ್ದಾರಿ. ಅವನೂ ಕಾರ್ನ್‌ವಾಲಿನವನೇ.

“ಯಾರ ಹೆಂಡತಿ ನೀನು?”

“ಜೆತ್ರೊ ಪಾಸ್ಕೊನ ಹೆಂಡತಿ.”

“ನಿಜವಾದ್ದೋ, ಈ ವಾರದ್ದೋ?”

ಅವಳು ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟು ಅವನ ಕೆನ್ನೆಗೆ ಒಂದು ಬಾರಿಸಿದಳು. ಸೈಲಸ್ ಕೆನ್ನೆ ಸವರಿಕೊಂಡು, “ನಿಜವಾದ್ದೇ. ಪಾಸ್ಕೊ, ಬಾರೋ, ನಿನ್ನ ಮಿಸೆಸ್ ಬಂದಿದ್ದಾರೆ” ಎಂದು ಕೂಗಿದ. ಅಂದಿನಿಂದ ಅವನು ಅವಳನ್ನು ಬಹುವಚನದಲ್ಲೇ ಮಾತನಾಡಿಸಿದ.

ಅವಳು ಲೆಫ್ಟಿನೆಂಟನನ್ನು ಒಂದೇ ಒಂದು ದಿನದ ರಜೆ ಕೇಳಿದಳು. ಜೆತ್ರೊ ಕೆಟ್ಟ ನಾವಿಕನಾಗಿದ್ದರೆ ಬಿಡಬಹುದಿತ್ತು, ಒಳ್ಳೆಯವನಾದ್ದರಿಂದ ಆಗುವುದಿಲ್ಲ ಎಂದು ಆತ ಮರ್ಯಾದೆಯಿಂದಲೇ ಹೇಳಿದ. ಮೂರನೆಯ ದಿನ ಹೆಂಗಸರನ್ನೆಲ್ಲ ದೋಣಿಗೆ ಇಳಿಸಿದರು.

1781ರಲ್ಲಿ ನನ್ನನ್ನು ಹಿಂದೂಸ್ತಾನದ ಕಡೆ ಕಳುಹಿಸಿದರು. ಆ ಸಮುದ್ರದಲ್ಲಿ ನಾನು ಎರಡೂವರೆ ವರ್ಷ ಇದ್ದೆ. ಮುಂದಿನ ವರ್ಷ ಕೋರಮಂಡಲ ತೀರದ ಆಚೆ ಒಂದು ಫ್ರೆಂಚ್ ಹಡಗು ನನ್ನನ್ನು ಒಂದು ಮಧ್ಯಾಹ್ನವಿಡೀ ಹೊಡೆಯಿತು, ನಾನೂ ಅದನ್ನು ಹೊಡೆದೆ. ಇಬ್ಬರೂ ಸೋಲಲಿಲ್ಲ. ಗಾಳಿ ಬಿದ್ದುಹೋಯಿತು, ಬೇರೆಯಾದೆವು. ಹಡಗಿನ ಕಾಳಗ ನೋಡದವರು ಜನ ಗುಂಡು ತಗುಲಿ ಸಾಯುತ್ತಾರೆಂದು ತಿಳಿಯುತ್ತಾರೆ. ಹೆಚ್ಚಿನವರು ಸಾಯುವುದು ಮರದ ಚೂರುಗಳಿಂದ. ಗುಂಡು ಹಲಗೆಗೆ ಬಡಿದಾಗ ಹಾರುವ ಚೂರು ಮೊಳದುದ್ದ ಇರುತ್ತದೆ, ಕತ್ತಿಗಿಂತ ಹರಿತ. ಜೆತ್ರೊನ ಎಡಗಾಲನ್ನು ಮಂಡಿಯ ಕೆಳಗೆ ತೆಗೆದದ್ದು ನನ್ನದೇ ಒಂದು ಚೂರು.

ಅವನು ಬದುಕಿದ. ಅದೇ ತಿಂಗಳು ಹಡಗಿನ ಅಡುಗೆಯವನು ಜ್ವರದಿಂದ ಸತ್ತ. ಕೈಯೋ ಕಾಲೋ ಕಳೆದುಕೊಂಡವನಿಗೆ ಅಡುಗೆಯ ಕೆಲಸ ಕೊಡುವುದು ನೌಕಾಪಡೆಯ ಹಳೆಯ ವಾಡಿಕೆ. ಅಡುಗೆ ಬರಬೇಕೆಂದೇನಿಲ್ಲ. ಉಪ್ಪು ಹಾಕಿದ ಮಾಂಸವನ್ನು ತಾಮ್ರದ ಹಂಡೆಯಲ್ಲಿ ಬೇಯಿಸಿದರೆ ಮುಗಿಯಿತು. ಜೆತ್ರೊ ಅಡುಗೆಯವನಾದ. ಬೊಂಬಾಯಿಯ ಗೋದಿಯಲ್ಲಿ ನನ್ನ ಒಡೆದ ಪಕ್ಕೆಗಳಿಗೆ ತೇಗದ ಮರ ತುಂಬಿದರು. ಅಲ್ಲಿಯ ಬಡಗಿಗಳು ಉಳಿದ ಒಂದು ತೇಗದ ತುಂಡಿನಲ್ಲಿ ಅವನಿಗೆ ಕಾಲು ಮಾಡಿಕೊಟ್ಟರು.

1783ರ ಕೊನೆಯಲ್ಲಿ ಮಂಗಳೂರಿನ ಕೋಟೆ ಇಂಗ್ಲಿಷರ ಕೈಯಲ್ಲಿತ್ತು, ಸುತ್ತಲೂ ಮೈಸೂರಿನ ಸೈನ್ಯವಿತ್ತು. ಒಳಗಿದ್ದವರಿಗೆ ಅಕ್ಕಿ ಹೊತ್ತು ಹೋದೆವು. ಅಳಿವೆಯ ಮರಳದಿಬ್ಬ ದಾಟುವಷ್ಟು ನೀರು ನನಗೆ ಸಾಲದು, ಹೊರಗೇ ನಿಂತೆ. ಮೀನು ಮಾರಲು ಬಂದ ಮೊಗವೀರರ ದೋಣಿಯೊಂದು ನನ್ನ ಮಗ್ಗುಲಿಗೆ ತಾಗಿತು. ಬಂಗುಡೆ ಕೊಳ್ಳಲು ಜೆತ್ರೊ ಏಣಿ ಇಳಿಯುವುದನ್ನು ನೋಡಿ ದೋಣಿಯ ಮುದುಕ ತನ್ನ ಜೊತೆಯವನಿಗೆ ಹೇಳಿದ: “ಈ ಜನಕ್ಕೆ ಹಡಗು ಸಾಕಾಗ್ಲಿಲ್ಲ ಅಂತ ಕಾಣ್ತದೆ ಮಾರಾಯ, ಕಾಲೂ ಮರದ್ದೇ ಮಾಡಿಸಿಕೊಂಡಿದ್ದಾರೆ.” ಅವರು ನಕ್ಕರು. ಏನೆಂದು ತಿಳಿಯದೆ ಜೆತ್ರೊನೂ ನಕ್ಕ. ಕಾಲು ಹೋದ ಮೇಲೆ ಅವನು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಮರುವರ್ಷ ಪ್ಲಿಮತ್ತಿಗೆ ಮರಳಿದಾಗ ಯುದ್ಧ ಮುಗಿದಿತ್ತು. ನಾವಿಕರು ಸಂಬಳ ತೆಗೆದುಕೊಂಡು ದಡಕ್ಕೆ ಓಡಿದರು. ಒಂದೇ ದಿನದಲ್ಲಿ ನಾನು ಖಾಲಿಯಾದೆ. ತೋಪು ಇಳಿಸಿದರು, ಕೂವೆಮರ ಕಿತ್ತರು, ಅದೇ ನದಿಯಲ್ಲಿ ಹಿಂದೆ ಮುಂದೆ ಸರಪಳಿ ಕಟ್ಟಿ ನಿಲ್ಲಿಸಿದರು. ಶಾಂತಿಕಾಲದ ಹಡಗುಗಳು ಹೀಗೆ ಸಾಲಾಗಿ ನಿಂತಿರುತ್ತವೆ, ಮುಂದಿನ ಯುದ್ಧದ ತನಕ.

ಎಲ್ಲರೂ ಹೋದರೂ ಕೆಲವರು ಉಳಿಯುತ್ತಾರೆ. ಬೋಸನ್, ಬಡಗಿ, ತೋಪಿನವನು, ಅಡುಗೆಯವನು. ಇವರ ನೇಮಕ ಕ್ಯಾಪ್ಟನ್ನನ ಕೆಳಗಲ್ಲ, ಹಡಗಿಗೇ. ಹಡಗು ಬಂದರಿನಲ್ಲಿದ್ದರೆ ಅವರೂ ಬಂದರಿನಲ್ಲಿ, ಹಡಗು ಸಮುದ್ರಕ್ಕೆ ಹೋದರೆ ಅವರೂ ಸಮುದ್ರಕ್ಕೆ. ಬಂದರಿನಲ್ಲಿರುವಷ್ಟು ಕಾಲ ಹೆಂಡತಿ ಮಕ್ಕಳನ್ನು ಹಡಗಿನಲ್ಲೇ ಇಟ್ಟುಕೊಳ್ಳಬಹುದು. ಒಂಟಿ ಕಾಲಿನವನಿಗೆ ದಡದಲ್ಲಿ ಬೇರೆ ಅನ್ನವಿರಲಿಲ್ಲ. ಜೆತ್ರೊ ಊರಿಗೆ ಹೋಗಿ ತಾಮ್ಸಿನ್‌ಳನ್ನು ಕರೆದುಕೊಂಡು ಬಂದ. ಅವರಿಗೆ ಮಕ್ಕಳಿರಲಿಲ್ಲ. ಆಗುವ ವಯಸ್ಸಿನಲ್ಲಿ ಅವನು ನನ್ನ ಮೇಲಿದ್ದ.

ಹತ್ತಿರ ಹತ್ತಿರ ಒಂಬತ್ತು ವರ್ಷ ಅವರು ನನ್ನಲ್ಲಿ ಸಂಸಾರ ಮಾಡಿದರು. ಕೆಳಗಿನ ಡೆಕ್ಕಿನ ಹಿಂಭಾಗದಲ್ಲಿ, ಎಡ ಮಗ್ಗುಲಿಗೆ ಹತ್ತಿಕೊಂಡು, ಹಳೆಯ ಹಾಯಿಬಟ್ಟೆಯ ಗೋಡೆ ಕಟ್ಟಿದ ಮನೆ. ಭಾನುವಾರ ಊರಿಗೆ ಹೋಗುವರು, ಸೋಮವಾರ ಬರುವರು. ಬಡಗಿ, ತೋಪಿನವನು ನಿಯಮ ಮೀರಿ ಪಟ್ಟಣದಲ್ಲೇ ಮನೆ ಮಾಡಿದ್ದರು, ಆಗೊಮ್ಮೆ ಈಗೊಮ್ಮೆ ಮುಖ ತೋರಿಸುತ್ತಿದ್ದರು. ಸೈಲಸ್ ಬ್ರಹ್ಮಚಾರಿ, ಇವರ ಮನೆಯಲ್ಲೇ ಊಟ. ಹಾಗಾಗಿ ನನ್ನನ್ನು ನೋಡಿಕೊಳ್ಳುವ ಕೆಲಸ ಈ ಮೂವರದ್ದಾಯಿತು. ದೊಡ್ಡ ಕೆಲಸವೇನಲ್ಲ. ಒಣ ಹವೆಯ ದಿನ ಬೆಳಿಗ್ಗೆ ತೋಪಿನ ಕಿಂಡಿಗಳನ್ನು ತೆರೆದು ಗಾಳಿಯಾಡಿಸಬೇಕು, ಸಂಜೆ ಮುಚ್ಚಬೇಕು. ಗಾಳಿ ಸಿಗದ ಹಡಗಿಗೆ ಬೂಷ್ಟು ಹಿಡಿಯುತ್ತದೆ, ಆಮೇಲೆ ಮರ ಒಳಗೇ ಕೊಳೆತು ಲಡ್ಡಾಗುತ್ತದೆ. ಹಸಿಮರದಲ್ಲಿ ಕಟ್ಟಿದ ಹಡಗಿಗೆ ಇನ್ನೂ ಬೇಗ. ಬಲ ಮಗ್ಗುಲಿನ ಕಿಂಡಿಗಳನ್ನು ಜೆತ್ರೊ ತೆರೆಯುತ್ತಿದ್ದ, ಎಡ ಮಗ್ಗುಲಿನವು ತಾಮ್ಸಿನ್ ಪಾಲಿಗೆ.

1790ರಲ್ಲಿ ಸ್ಪೇನಿನ ಜೊತೆ ಯುದ್ಧವಾಗುತ್ತದೆಂದು ಗುಲ್ಲೆದ್ದಿತು. ಸಾಲಿನಲ್ಲಿದ್ದ ಹಡಗುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಗಟ್ಟಿಯಿದ್ದವನ್ನು ಎಳೆದುಕೊಂಡು ಹೋದರು. ನನ್ನ ಪಕ್ಕದಲ್ಲಿದ್ದ ಹಡಗೂ ಹೋಯಿತು. ಅದರ ಅಡುಗೆಯವನ ಹೆಂಡತಿ ದೋಣಿಯಲ್ಲಿ ಹಾಸಿಗೆ ಗಂಟುಗಳ ಮಧ್ಯೆ ಕೂತು ದಡಕ್ಕೆ ಹೋಗುವುದನ್ನು ತಾಮ್ಸಿನ್ ಕಿಂಡಿಯಿಂದ ನೋಡಿದಳು. ನನ್ನ ಸರದಿ ಬರುವ ಮೊದಲೇ ರಾಜಿಯಾಯಿತು. ಆದರೆ ಅವಳಿಗೆ ವಿಷಯ ಅರ್ಥವಾಯಿತು: ಹಡಗು ಗಟ್ಟಿಯಿದ್ದರೆ ಗಂಡ ಮತ್ತೆ ಸಮುದ್ರಕ್ಕೆ.

ಅದರ ಮಾರನೆಯ ವಾರದಿಂದ ಎಡ ಮಗ್ಗುಲಿನ ಕಿಂಡಿಗಳು ತೆರೆಯುವುದು ನಿಂತುಹೋಯಿತು.

ಜೆತ್ರೊಗೆ ತಿಳಿಯಲು ಹೆಚ್ಚು ದಿನ ಹಿಡಿಯಲಿಲ್ಲ.

“ಎಡಗಡೆ ಯಾಕೆ ಮುಚ್ಚಿದೆ?”

“ಗಾಳಿ ಜಾಸ್ತಿ. ಒಲೆ ಆರುತ್ತೆ.”

“ಗಾಳಿ ಬರ್ಲಿ ಅಂತಾನೇ ತೆಗೆಯೋದು. ಹಡಗು ಪೂರ್ತಿ ಕೆಟ್ರೆ ನಮ್ಗೇ ಕಷ್ಟ, ತಾಮ್ಸಿನ್.”

“ನಮ್ಗೆ ಅಂದ್ರೆ ಯಾರಿಗೆ? ನಿಂಗೂ ನಿನ್ನ ರಾಜನಿಗೂನಾ?”

ಜೆತ್ರೊ ಎದ್ದ. ತಾನೇ ಹೋಗಿ ಕಿಂಡಿಗಳನ್ನು ತೆರೆದ. ಅವನು ಬಲ ಮಗ್ಗುಲಿಗೆ ಹೋದಾಗ ಅವಳು ಮತ್ತೆ ಮುಚ್ಚಿದಳು. ಹೀಗೆ ಸುಮಾರು ತಿಂಗಳು ನಡೆಯಿತು. ಆಮೇಲೆ ಅವನು ಬಿಟ್ಟುಬಿಟ್ಟ. ಮರದ ಕಾಲಿನಲ್ಲಿ ದಿನಕ್ಕೆ ಎರಡು ಸಲ ಆ ಸಾಲು ಸುತ್ತುವುದು ಸುಲಭವಲ್ಲ. ಜಗಳವೂ ಸಾಕಾಗಿತ್ತು.

ಅವನು ಹೇಳದೇ ಉಳಿದದ್ದು ಒಂದು ಸರಳ ಸಂಗತಿ. ಗಟ್ಟಿ ಹಡಗು ಸಮುದ್ರಕ್ಕೆ ಹೋಗುತ್ತದೆ, ಅಡುಗೆಯವನೂ ಹೋಗುತ್ತಾನೆ. ಅಷ್ಟಿಷ್ಟು ಕೆಟ್ಟ ಹಡಗನ್ನು ಬಂದರಿನಲ್ಲೇ ಉಗ್ರಾಣವಾಗಿಯೋ, ಹೊಸ ನಾವಿಕರನ್ನು ಕೂಡಿಹಾಕುವ ತಾಣವಾಗಿಯೋ ಇಟ್ಟುಕೊಳ್ಳುತ್ತಾರೆ. ಅಡುಗೆಯವನು ಅಲ್ಲೇ ಇರುತ್ತಾನೆ. ಪೂರ್ತಿ ಕೆಟ್ಟ ಹಡಗನ್ನು ಒಡೆಯುತ್ತಾರೆ. ಆಗ ಅಡುಗೆಯವನು ಮನೆಗೆ ಹೋಗುವುದಿಲ್ಲ, ಅವನ ನೇಮಕ ಬೇರೆ ಹಡಗಿಗೆ ಹೋಗುತ್ತದೆ. ಯುದ್ಧಕಾಲದಲ್ಲಿ ಬೇರೆ ಹಡಗು ಎಂದರೆ ಸಮುದ್ರಕ್ಕೆ ಹೊರಟಿರುವ ಹಡಗು. ನಾನು ಅಷ್ಟಿಷ್ಟು ಕೆಟ್ಟಿರಲಿ ಎಂಬುದೇ ಜೆತ್ರೊನ ಆಸೆ. ನೌಕಾಪಡೆಯಲ್ಲಿ ಇದು ಗೊತ್ತಿಲ್ಲದವರಿಲ್ಲ. ಹೆಂಡತಿಗೂ ಗೊತ್ತಿದೆ ಎಂದುಕೊಂಡ. ಅವಳು ನೌಕಾಪಡೆಯವಳಲ್ಲ.

ನನಗೆ ಎರಡೂ ಕಡೆಯ ಮಾತು ಕೇಳುತ್ತಿತ್ತು. ಹೇಳಲು ಬಾಯಿರಲಿಲ್ಲ.

ಲಡ್ಡು ಹಿಡಿಯುವುದು ನೋವಲ್ಲ. ಮೊದಲು ಹಲಗೆಯ ಹಿಂದೆ ಬಿಳಿಯ ಎಳೆಗಳು ಹರಡಿದವು, ಬಟ್ಟೆಯ ದಾರದ ಹಾಗೆ. ಆಮೇಲೆ ಕಿವಿಯಾಕಾರದ ಅಣಬೆಗಳು. ಮುಟ್ಟಿದರೆ ಗಟ್ಟಿ ಅನ್ನಿಸುವ ಮರ ಒಳಗೆ ಹಗುರಾಗುತ್ತಾ ಹೋಯಿತು. ಹೇಳಬೇಕೆಂದರೆ ಸ್ವಲ್ಪ ಸುಖವೇ ಇತ್ತು. ಯುದ್ಧವನ್ನೂ ಚಂಡಮಾರುತವನ್ನೂ ತಡೆದ ಪಕ್ಕೆಗಳಿಗೆ ಇನ್ನು ಏನನ್ನೂ ತಡೆಯಬೇಕಿಲ್ಲ ಎಂಬ ಸಡಿಲ. ತಾಮ್ಸಿನ್ ಒಮ್ಮೊಮ್ಮೆ ಹೆಣಿಗೆಯ ಕಡ್ಡಿಯಿಂದ ಹಲಗೆಯ ಸಂದನ್ನು ಚುಚ್ಚಿ ನೋಡುವಳು. ಕಡ್ಡಿ ಎಷ್ಟು ಒಳಗೆ ಹೋಯಿತೆಂದು ಬೆರಳಿನಲ್ಲಿ ಅಳೆಯುವಳು, ರೊಟ್ಟಿ ಬೆಂದಿದೆಯೇ ಎಂದು ನೋಡುವವರ ಹಾಗೆ.

1793ರಲ್ಲಿ ಫ್ರಾನ್ಸಿನ ಜೊತೆ ಮತ್ತೆ ಯುದ್ಧ ಶುರುವಾಯಿತು. ಈ ಸಲ ನನ್ನ ಸರದಿ ಬಂತು. ಹಡಗುಕಟ್ಟೆಯಿಂದ ಮೂವರು ಪರೀಕ್ಷಕರು ಬೈರಿಗೆ, ಸುತ್ತಿಗೆ ಹಿಡಿದು ಏರಿದರು. ತಾಮ್ಸಿನ್ ಹಾಯಿಬಟ್ಟೆಯ ಗೋಡೆಯ ಹಿಂದೆ ಹಿಟ್ಟು ನಾದುತ್ತಾ ಕಿವಿಗೊಟ್ಟಳು. ಜೆತ್ರೊ ಹಂಡೆಯ ಪಕ್ಕದಲ್ಲಿ ಕೂತಿದ್ದ.

ಬಲ ಮಗ್ಗುಲಿನಲ್ಲಿ ಬೈರಿಗೆ ತಿರುಗಿಸಿದಾಗ ತಿಳಿ ಬಣ್ಣದ ಸುರುಳಿ ಹೊರಬಂತು. ಕೆಲವು ಕಡೆ ಮಾತ್ರ ಕಪ್ಪು.

“ಪರವಾಗಿಲ್ಲ. ಸಮುದ್ರಕ್ಕೆ ಆಗಲ್ಲ. ಆದ್ರೆ ಹಿಡಿದು ತಂದ ಜನಾನ ಇಡೋಕೆ ಆಗತ್ತೆ” ಎಂದ ಹಿರಿಯವನು. ಜೆತ್ರೊ ಮೊದಲ ಸಲ ತಲೆ ಎತ್ತಿದ.

ಆಮೇಲೆ ಅವರು ಎಡ ಮಗ್ಗುಲಿಗೆ ಬಂದರು. ಬೈರಿಗೆ ತಿರುಗಿಸಬೇಕಾಗಿಯೇ ಬರಲಿಲ್ಲ, ಒತ್ತಿದರೆ ಸಾಕಾಯಿತು. ಕಂದು ಪುಡಿ ಉದುರಿತು.

“ನಶ್ಯ ಬೇಕೇನ್ರೋ?” ಎಂದು ಒಬ್ಬ ಅಂಗೈ ಚಾಚಿದ. ಬೊಂಬಾಯಿಯಲ್ಲಿ ತೇಗ ತುಂಬಿದ ಜಾಗದಲ್ಲಿ ಮಾತ್ರ ಬೈರಿಗೆ ಕಿರುಗುಟ್ಟಿ ನಿಂತಿತು. ಸುತ್ತಲಿನ ಓಕ್ ಹೋಗಿ, ಆ ತುಂಡು ತಾನೊಂದೇ ನಿಂತಿತ್ತು.

ಹಿರಿಯವನು ಹಲಗೆಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೇಳಿಸಿಕೊಂಡ. “ಬಲಗಡೆ ಒಂದು ಹಡಗು, ಎಡಗಡೆ ಇನ್ನೊಂದು. ಇನ್ನೂರು ಜನಾನ ಇದ್ರಲ್ಲಿ ಇಟ್ರೆ ಒಂದು ದಿನ ಮಗುಚತ್ತೆ. ಒಡೆಯೋದೇ.”

ಅವರು ಹೋದ ಮೇಲೆ ತಾಮ್ಸಿನ್ ಕೈಯ ಹಿಟ್ಟು ಒರೆಸಿಕೊಂಡು ಹೊರಗೆ ಬಂದಳು. ಮುಖದಲ್ಲಿ ಹರೆಯ ಬಂದಿತ್ತು. “ಕೇಳಿಸ್ತಾ? ಒಡೀತಾರಂತೆ. ಸಾಮಾನು ಕಟ್ಟೋಣ. ನಮ್ಮಣ್ಣ ಮಾಳಿಗೆ ಮೇಲಿನ ಕೋಣೆ ಕೊಡ್ತಾನೆ.”

ಜೆತ್ರೊ ಹಂಡೆಯ ಕಡೆ ತಿರುಗಿ ಕೂತ. ಊಟಕ್ಕೆ ಬಂದಿದ್ದ ಸೈಲಸ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ.

“ಮಿಸೆಸ್ ಪಾಸ್ಕೊ, ಹಡಗು ಒಡೆದ್ರೆ ನಾವು ಮನೆಗೆ ಹೋಗಲ್ಲ. ಬೇರೆ ಹಡಗಿಗೆ ಹಾಕ್ತಾರೆ. ನದಿ ಕೆಳಗಡೆ ಎಪ್ಪತ್ನಾಲ್ಕು ತೋಪಿನ ಹೊಸದೊಂದು ತಯಾರಾಗ್ತಿದೆ. ಅದಕ್ಕೆ ಅಡುಗೆಯವನು ಇಲ್ಲ ಅಂತ ಬಂದರಿಗೆಲ್ಲ ಗೊತ್ತು.”

ಅವಳು ಗಂಡನ ಕಡೆ ತಿರುಗಿದಳು. “ಬಿಟ್ಟುಬಿಡು ಈ ಕೆಲಸ.”

“ಬಿಟ್ಟು ಏನು ತಿನ್ನೋದು? ಒಂಟಿ ಕಾಲಿನವನನ್ನ ಯಾರು ದೋಣಿಗೆ ಹತ್ತಿಸ್ಕೋತಾರೆ?”

“ನಿಂಗಿದು ಮೊದಲೇ ಗೊತ್ತಿತ್ತಾ?”

“ಎಲ್ರಿಗೂ ಗೊತ್ತಿರೋದೇ.”

“ನಂಗೆ ಗೊತ್ತಿರ್ಲಿಲ್ಲ ಜೆತ್ರೊ.”

ಅವನು ಈಗ ಅವಳ ಕಡೆ ತಿರುಗಿದ. ಬೈಯಲಿಲ್ಲ. “ನಿಂಗೆ ಗೊತ್ತಿದ್ದೂ ಕಿಂಡಿ ಮುಚ್ತಿದ್ದೀಯ ಅಂದ್ಕೊಂಡಿದ್ದೆ,” ಎಂದ. “ನನ್ನ ಜೊತೆ ಸಾಕಾಗಿದೆ ಅಂದ್ಕೊಂಡೆ.”

ಸೈಲಸ್ ಎದ್ದು ಮೇಲಿನ ಡೆಕ್ಕಿಗೆ ಹೋದ. ತಾಮ್ಸಿನ್ ಗಂಡನ ಪಕ್ಕದಲ್ಲಿ ಕೂತಳು. ಆ ದಿನ ನಾದಿದ ಹಿಟ್ಟನ್ನು ಯಾರೂ ಬೇಯಿಸಲಿಲ್ಲ.

ಆದೇಶ ಬರಲು ಎರಡು ವಾರವೂ ಹಿಡಿಯಲಿಲ್ಲ. ಜೆತ್ರೊನನ್ನು ಹೊಸ ಹಡಗಿಗೆ ಕರೆದೊಯ್ಯಲು ದೋಣಿ ಬಂತು. ಸೈಲಸ್‌ಗೂ ಅದೇ ಹಡಗು. ತಾಮ್ಸಿನ್ ಎರಡು ಗಂಟು ಹೊತ್ತು ಮೇಲೆ ಬಂದಳು.

“ಅವಳ ಗಂಟು ದಡಕ್ಕೆ, ನನ್ನದು ಹಡಗಿಗೆ,” ಎಂದು ಜೆತ್ರೊ ದೋಣಿಯವರಿಗೆ ಹೇಳಿದ.

“ಎರಡೂ ಹಡಗಿಗೆ,” ಎಂದಳು ತಾಮ್ಸಿನ್. “ಬೋಸನ್ನರು ಕ್ಯಾಪ್ಟನ್ನರನ್ನ ಕೇಳಿದ್ದಾರೆ. ನಿಮ್ಮಂಥವರ ಹೆಂಡ್ತೀರು ಬರಬಹುದಂತೆ, ಊಟ ಮಾತ್ರ ಬೇರೆ ಕೊಡಲ್ವಂತೆ. ನಿನ್ನ ತಟ್ಟೇಲೇ ತಿಂತೀನಿ. ದಕ್ಕೇಲಿ ನಿಂತ್ಕೊಂಡು ಹಾಯಿ ನೋಡೋದು ಸಾಕು ನಂಗೆ.”

“ಅಲ್ಲಿ ತೋಪು ಹಾರಿಸ್ತಾರೆ, ತಾಮ್ಸಿನ್.”

“ಗೊತ್ತು. ನಿನ್ನ ಕಾಲು ನೋಡಿದ್ದೀನಲ್ಲ.”

ಏಣಿಗೆ ಕಾಲಿಡುವ ಮೊದಲು ಅವಳು ಸೈಲಸ್ ಕಡೆ ತಿರುಗಿದಳು. “ಆ ಹಡಗಿನ ಮರ ಹೆಂಗಿದೆ?”

“ಯಾಕೆ ಮಿಸೆಸ್ ಪಾಸ್ಕೊ, ಅಲ್ಲೂ ಕಿಂಡಿ ಮುಚ್ತೀರಾ?”

ಅವಳು ನಗಲಿಲ್ಲ. “ಗಟ್ಟಿ ಇದೆಯಾ ಅಂತ ಕೇಳ್ದೆ.”

“ಇದೆ. ಎರಡು ಬೇಸಿಗೆ ಒಣಗಿಸಿ ಕಟ್ಟಿದ್ದು.”

“ಸರಿ,” ಎಂದು ಅವಳು ಮೊದಲು ದೋಣಿಗೆ ಇಳಿದಳು. ಆಮೇಲೆ ಗಂಡ ಇಳಿಯುವಾಗ ಅವನ ಕೈ ಹಿಡಿದಳು.

ಈಗ ನಾನು ನದಿಯ ಮೇಲ್ಭಾಗದ ಕೆಸರಿನಲ್ಲಿ ಓರೆಯಾಗಿ ಕೂತಿದ್ದೇನೆ. ಒಡೆಯುವವರು ಎಡ ಮಗ್ಗುಲನ್ನು ಮೊದಲು ತೆಗೆದರು, ಅದು ಸಲೀಸು. ಬಲ ಮಗ್ಗುಲಿಗೆ ಗರಗಸ ಬೇಕಾಗುತ್ತದೆಂದು ಗೊಣಗುತ್ತಾರೆ. ಒಳ್ಳೆಯ ತೊಲೆಗಳು ಯಾರದೋ ಕೊಟ್ಟಿಗೆಗೆ, ಉಳಿದದ್ದು ಒಲೆಗೆ. ಎಪ್ಪತ್ನಾಲ್ಕು ತೋಪಿನ ಆ ಹೊಸ ಹಡಗು ಕಳೆದ ತಿಂಗಳು ಹೊರಟಿತೆಂದು ಅವರ ಮಾತಿನಲ್ಲಿ ಕೇಳಿದೆ. ಎತ್ತ ಎಂದು ಯಾರೂ ಹೇಳಲಿಲ್ಲ.

ನನ್ನನ್ನು ಕಟ್ಟಿಸಿದವರು, ನಡೆಸಿದವರು, ಪರೀಕ್ಷಿಸಿದವರು, ಎಲ್ಲರಿಗೂ ನಾನು ಸಮುದ್ರಕ್ಕೆ ಹೋಗಬೇಕಾಗಿತ್ತು. ಅದು ತಪ್ಪೇನಲ್ಲ, ಹಡಗು ಇರುವುದು ಅದಕ್ಕೇ. ಹದಿನೈದು ವರ್ಷದಲ್ಲಿ ನಾನು ಸಮುದ್ರಕ್ಕೆ ಹೋಗದಿರಲಿ ಎಂದು ಬಯಸಿ, ಅದಕ್ಕಾಗಿ ದಿನವೂ ಕೆಲಸ ಮಾಡಿದವಳು ಒಬ್ಬಳೇ. ಈಗ ಅವಳು ಸಮುದ್ರದಲ್ಲಿದ್ದಾಳೆ.